ಉದ್ಯಮಿ ಎಂದರೆ ದುಡ್ಡು ಹಾಕುವವನೇ?

ಉದ್ಯಮಿಗೂ ಬಂಡವಾಳಗಾರನಿಗೂ ಏನು ವ್ಯತ್ಯಾಸ ಎಂದು ಕೇಳಿದ್ದೀರಿ. ನಮ್ಮ ಹಾಸನದ ಆಲೂಗಡ್ಡೆ ಬೆಳೆಗಾರನನ್ನೇ ನೋಡಿ. ಮೇ ತಿಂಗಳಲ್ಲಿ ಎಪಿಎಂಸಿಗೆ ಬಂದು, ಪಂಜಾಬಿನ ಜಲಂಧರದಿಂದ ಬಂದ ಬಿತ್ತನೆ ಗಡ್ಡೆ ಕೊಳೆತಿದೆಯೇ ಎಂದು ಕತ್ತರಿಸಿ ನೋಡಿ ಖರೀದಿಸುತ್ತಾನೆ. ಗಡ್ಡೆ, ಗೊಬ್ಬರ, ಕೂಲಿ, ಗುತ್ತಿಗೆ ಎಲ್ಲದರ ಲೆಕ್ಕವೂ ಅವನ ಕೈಯಲ್ಲಿದೆ. ಮೂರು ತಿಂಗಳ ನಂತರ ಸಿಗುವ ಬೆಲೆ ಮಾತ್ರ ಯಾರಿಗೂ ಗೊತ್ತಿಲ್ಲ. ಅಂಗಮಾರಿ ರೋಗ ಬಂದರೆ ಬೆಳೆಯೂ ಇಲ್ಲ.

ಗೊತ್ತಿರುವ ಬೆಲೆಗೆ ಕೊಂಡು ಗೊತ್ತಿಲ್ಲದ ಬೆಲೆಗೆ ಮಾರುವವನೇ ಉದ್ಯಮಿ ಎಂದು ಅರ್ಥಶಾಸ್ತ್ರಜ್ಞ ರಿಚರ್ಡ್ ಕ್ಯಾಂಟಿಲನ್ 18ನೇ ಶತಮಾನದಲ್ಲೇ ಹೇಳಿದ್ದ. ರೈತನನ್ನೂ ಆ ಸಾಲಿಗೆ ಸೇರಿಸಿದ್ದ. ಸಾಲ ಕೊಟ್ಟವನಿಗೆ, ಅಂದರೆ ಬಂಡವಾಳಗಾರನಿಗೆ, ಗೊತ್ತಾದ ಬಡ್ಡಿ. ಉಳಿದದ್ದು, ಲಾಭವೋ ನಷ್ಟವೋ, ಬೆಳೆದವನದು. 1921ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ ಇದನ್ನು ಇನ್ನಷ್ಟು ಬಿಗಿಗೊಳಿಸಿದ: ಲೆಕ್ಕಕ್ಕೆ ಸಿಗುವ ಅಪಾಯಕ್ಕೆ ವಿಮೆ ಮಾಡಿಸಬಹುದು, ಲೆಕ್ಕಕ್ಕೇ ಸಿಗದ ಅನಿಶ್ಚಿತತೆಯನ್ನು ಹೊತ್ತದ್ದಕ್ಕೆ ಸಿಗುವುದೇ ಲಾಭ.

ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜೋಸೆಫ್ ಷುಂಪೀಟರ್ ಇದನ್ನು ಒಪ್ಪಲಿಲ್ಲ. ಹೊಸ ಸರಕು, ಹೊಸ ವಿಧಾನ, ಹೊಸ ಮಾರುಕಟ್ಟೆ ತರುವವನಷ್ಟೇ ಅವನಿಗೆ ಉದ್ಯಮಿ. ಪ್ರತಿ ವರ್ಷ ಅದೇ ಗಡ್ಡೆ ನೆಡುವವನು ಆ ಲೆಕ್ಕಕ್ಕೆ ಬರುವುದಿಲ್ಲ. ಮುಂಗಾರಿನಲ್ಲಿ ನಮ್ಮ ಹೊಲಗಳನ್ನು ಕಂಡವನಾಗಿ ನಾನು ಕ್ಯಾಂಟಿಲನ್‌ನ ಪಕ್ಷ.