ಚಿಕ್ಕಬಳ್ಳಾಪುರದ ಕಡೆ ಇಂಟರ್ನೆಟ್ ಇರುವ ಹೀಟ್ ಪಂಪ್ ಡೀಲರ್‌ಶಿಪ್ ತೆಗೆದುಕೊಂಡರೆ ವ್ಯಾಪಾರ ಆಗುತ್ತಾ?

ಆಗುತ್ತದೆ. ಆದರೆ ಮಿಷನ್ ಮಾರಿದ ಲಾಭವನ್ನೇ ನಂಬಿ ದುಡ್ಡು ಹಾಕಬೇಡಿ. ನಾನು ಚಿಂತಾಮಣಿಯವನು. ಫ್ರಿಜ್, ಎಸಿ ರಿಪೇರಿಯಿಂದ ಶುರು ಮಾಡಿದವನು, ಈಗ ಹಾಸ್ಟೆಲ್, ಕಲ್ಯಾಣಮಂಟಪಗಳಲ್ಲಿ ನೀರು ಕಾಯಿಸುವ ಹೀಟ್ ಪಂಪ್ ನೋಡಿಕೊಳ್ಳುತ್ತೇನೆ. ನಮ್ಮ ಕಡೆ ಸಂಪಾದನೆ ಇರುವುದು ವರ್ಷದ ನಿರ್ವಹಣೆಯಲ್ಲಿ. ಅದಕ್ಕೆ ಕಾರಣ ನಮ್ಮ ಗಡಸು ಬೋರ್‌ವೆಲ್ ನೀರು, ಕಾಯಿಸಿದರೆ ಮಿಷನ್ ಒಳಗೆ ಸುಣ್ಣ ಕಟ್ಟುತ್ತದೆ.

1,000 ಲೀಟರ್ ನೀರನ್ನು 25 ಡಿಗ್ರಿಯಿಂದ 55ಕ್ಕೆ ಕಾಯಿಸಲು ಗೀಸರ್‌ಗೆ ಸುಮಾರು 35 ಯೂನಿಟ್ ಕರೆಂಟ್ ಬೇಕು. ಹೀಟ್ ಪಂಪ್ ಗಾಳಿಯಲ್ಲಿರುವ ಶಾಖವನ್ನು ಎಳೆದುಕೊಳ್ಳುವುದರಿಂದ 12 ಯೂನಿಟ್ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತದೆ. ಈ ಲೆಕ್ಕ ನೋಡಿಯೇ ಗಿರಾಕಿ ಕೊಳ್ಳುವುದು. ಒಳಗೆ ಸುಣ್ಣ ಕಟ್ಟಿತೋ, ಲೆಕ್ಕವೆಲ್ಲ ತಲೆಕೆಳಗು.

ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಹೀಗೇ ಆಯಿತು. ನೀರು ಬಿಸಿಯಾಗುತ್ತಲೇ ಇತ್ತು, ಯಾರೂ ದೂರಿರಲಿಲ್ಲ. ಮಿಷನ್ ಇಂಟರ್ನೆಟ್‌ನಲ್ಲಿ ಕಳಿಸುವ ಲೆಕ್ಕ ಬರುವ ನನ್ನ ಮೊಬೈಲ್‌ನಲ್ಲಿ ಮಾತ್ರ, ಅದೇ ಟ್ಯಾಂಕ್ ಕಾಯಲು ದಿನದಿನಕ್ಕೂ ಹೊತ್ತು ಜಾಸ್ತಿ ಆಗುತ್ತಿರುವುದು, ಕಂಪ್ರೆಸರ್ ಎಳೆಯುವ ಕರೆಂಟ್ ಏರುತ್ತಿರುವುದು ಕಾಣುತ್ತಿತ್ತು. ಹೋಗಿ ಪೈಪ್ ಬಿಚ್ಚಿದೆ. ಗೋಡೆಗೆ ಬಳಿಯುವ ಸುಣ್ಣದ ಹಾಗೆ ಬೆಳ್ಳಗೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಸಿಟ್ರಿಕ್ ಆಸಿಡ್ ನೀರು ತಿರುಗಿಸಿ ತೊಳೆದ ಮೇಲೆ ಸರಿಹೋಯಿತು. ಸುಮ್ಮನೆ ಬಿಟ್ಟಿದ್ದರೆ ಡಿಸೆಂಬರ್ ಚಳಿಯಲ್ಲಿ ಪರೀಕ್ಷೆಯ ದಿನವೇ ಪ್ರೆಷರ್ ಜಾಸ್ತಿಯಾಗಿ ಮಿಷನ್ ನಿಂತುಬಿಡುತ್ತಿತ್ತು. ಆ ಮಕ್ಕಳು ಬೆಳಗಿನ ಜಾವ ತಣ್ಣೀರು ಸುರಿದುಕೊಳ್ಳಬೇಕಿತ್ತು. ಇಂಟರ್ನೆಟ್ ಜೋಡಣೆಯ ನಿಜವಾದ ಬೆಲೆ ಇದೇ. ಫೋನಿನಿಂದ ಆನ್-ಆಫ್ ಮಾಡುವುದಕ್ಕೆ ಯಾರೂ ವರ್ಷವರ್ಷ ದುಡ್ಡು ಕೊಡುವುದಿಲ್ಲ.

ಇನ್ನೊಂದು ಉಪಯೋಗ, ಹೊತ್ತು ಗೊತ್ತುಮಾಡುವುದು. ಗಾಳಿ ಬೆಚ್ಚಗಿದ್ದಷ್ಟೂ ಹೀಟ್ ಪಂಪ್‌ಗೆ ಕರೆಂಟ್ ಕಡಿಮೆ ಸಾಕು. ಮಧ್ಯಾಹ್ನ ಓಡಿಸಿ, ಒಳ್ಳೆಯ ಇನ್ಸುಲೇಷನ್ ಇರುವ ಟ್ಯಾಂಕಿನಲ್ಲಿ ಬಿಸಿನೀರು ತುಂಬಿಡಿ. ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್ ಇದ್ದವರಿಗಂತೂ ಇನ್ನೂ ಲಾಭ.

ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳ ಹತ್ತಿರ ಹೋಗುವುದಾದರೆ ಮಾತು ಹಿಡಿತದಲ್ಲಿರಲಿ. ಗೂಡು ಬೇಯಿಸಲು ಹೆಚ್ಚುಕಡಿಮೆ ಕುದಿಯುವ ನೀರೇ ಬೇಕು, ಸಾಮಾನ್ಯ ಹೀಟ್ ಪಂಪ್ 60 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಬಾಯ್ಲರ್‌ಗೆ ಹೋಗುವ ನೀರನ್ನು ಮೊದಲೇ ಬೆಚ್ಚಗೆ ಮಾಡಿಕೊಡಬಹುದು, ಸೌದೆ ಸ್ವಲ್ಪ ಉಳಿಯುತ್ತದೆ. ಅಷ್ಟನ್ನೇ ಹೇಳಿ.

ಕಂಪನಿಯವರ ಹತ್ತಿರ ಎರಡು ವಿಷಯ ಖಂಡಿತವಾಗಿ ಕೇಳಿ. ಮಿಷನ್‌ಗೆ ಸ್ವಂತ ಸಿಮ್ ಹಾಕಬಹುದಾ? ಹಾಕಿದರೆ ಹಾಸ್ಟೆಲ್ ವೈಫೈ ಪಾಸ್‌ವರ್ಡ್ ಬದಲಾದಾಗಲೆಲ್ಲ ನೀವು ಅಲ್ಲಿಗೆ ಓಡುವುದು ತಪ್ಪುತ್ತದೆ. ಕರೆಂಟ್ ಹೋಗಿ ಬಂದರೆ ಹಳೆಯ ಲೆಕ್ಕ ಒಳಗೇ ಉಳಿಯುತ್ತದಾ? ನಮ್ಮೂರಿನಲ್ಲಿ ಕರೆಂಟ್ ಹೋಗುವುದು ದಿನದ ಮಾತು.

ಇನ್ನು ಯಾರಿಗೇ ಆಗಲಿ, ರೇಟು ಹೇಳುವ ಮುಂಚೆ ಅವರ ಬೋರ್‌ವೆಲ್ ನೀರು ಒಂದು ಬಾಟಲಿ ತಂದು ಗಡಸುತನ ಪರೀಕ್ಷೆ ಮಾಡಿಸಿ. ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಬೇಕಾದರೆ ಅದರ ಖರ್ಚನ್ನೂ ಮೊದಲ ಕೊಟೇಷನ್‌ನಲ್ಲೇ ಬರೆದುಕೊಡಿ.