ಆಪ್ತ ಸಲಹೆ: ತಪ್ಪು ಹೇಳಿಕೊಂಡವಳಿಗೆ ಮೆಮೊ, ಆಮೇಲೆ ವಾರ್ಡಿಗೆಲ್ಲ ಮೌನ

ಪ್ರಶ್ನೆ: ನಾನು ಮಂಡ್ಯದವಳು, ವಯಸ್ಸು 38. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಹಳ ವರ್ಷ ಸ್ಟಾಫ್ ನರ್ಸ್ ಆಗಿದ್ದು, ಈ ವರ್ಷ ಮೆಡಿಕಲ್ ವಾರ್ಡಿನ ಇನ್‌ಚಾರ್ಜ್ ಆದೆ. ಆಡಳಿತದವರು ಎರಡು ದಿನದ ತರಬೇತಿಗೆ ಕಳುಹಿಸಿದ್ದರು. ‘ಮೊದಲು ನೀವು ಬೆಳೆಯಿರಿ, ಕೆಲಸದ ವಾತಾವರಣ ತಾನಾಗಿ ಬದಲಾಗುತ್ತದೆ’ ಎಂಬ ಮಾತು ಮನಸ್ಸಿಗೆ ನಾಟಿತು. ಬಂದವಳೇ ವಾರ್ಡಿನಲ್ಲಿ ‘ನಾವೆಲ್ಲ ಒಂದೇ ಕುಟುಂಬ’ ಎಂಬ ಫಲಕ ಹಾಕಿಸಿದೆ, ಸೋಮವಾರದ ಸಭೆ ಆರಂಭಿಸಿದೆ. ಸಭೆಯಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ. ಹಿರಿಯ ಸಿಸ್ಟರ್ ಒಬ್ಬರು ‘ಇಂಥವನ್ನು ಎಷ್ಟೋ ನೋಡಿದ್ದೇವೆ’ ಎಂದು ಎಲ್ಲರೆದುರೇ ಹೇಳಿದರು. ಈ ನಡುವೆ ರಾತ್ರಿ ಪಾಳಿಯ ಹುಡುಗಿಯೊಬ್ಬಳು ರೋಗಿಗೆ ಊಟಕ್ಕೆ ಮುಂಚಿನ ಇನ್ಸುಲಿನ್ ಕೊಡುವುದನ್ನು ಬಿಟ್ಟಿದ್ದಳು. ಬೆಳಿಗ್ಗೆ ಅವಳೇ ಹೇಳಿದಳು. ನಿಯಮದಂತೆ ಮೆಮೊ ಕೊಟ್ಟೆ. ಈಗ ತಪ್ಪುಗಳನ್ನು ಬರೆದಿಡುವ ಪುಸ್ತಕ ಖಾಲಿ ಇದೆ, ಆದರೆ ಏನೇನು ತಪ್ಪಿದೆ ಎಂಬುದು ರೋಗಿಗಳ ಕಡೆಯವರಿಂದ ನನಗೆ ತಿಳಿಯುತ್ತಿದೆ. ಮಂಡ್ಯದ ನರ್ಸಿಂಗ್ ಹೋಂ ಒಂದು ಕರೆಯುತ್ತಿದೆ. ನಮ್ಮ ಯಜಮಾನರು ‘ಬಿಟ್ಟು ಬಾ’ ಎನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಮಂಡ್ಯ

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಫಲಕಕ್ಕೆ, ಸಭೆಗೆ, ಹಿರಿಯ ಸಿಸ್ಟರಿಗೆ ಸಾಕಷ್ಟು ಜಾಗ ಸಿಕ್ಕಿದೆ. ಮೆಮೊ ವಿಷಯ ಮಾತ್ರ ಒಂದೇ ಉಸಿರಿನಲ್ಲಿ ಮುಗಿದಿದೆ. ನನ್ನ ಮನಸ್ಸು ಅಲ್ಲಿಯೇ ನಿಂತಿತು.

ಆ ಹುಡುಗಿ ಬಾಯಿ ಬಿಡದಿದ್ದರೆ ನಿಮಗೆ ಏನೂ ಗೊತ್ತಾಗುತ್ತಿರಲಿಲ್ಲ. ಕೇಸ್ ಶೀಟಿನಲ್ಲಿ ಒಂದು ಸಹಿ ಹಾಕಿಬಿಟ್ಟಿದ್ದರೆ ಮುಗಿಯುತ್ತಿತ್ತು. ಹಾಗೆ ಮಾಡದೆ, ರಾತ್ರಿಯೆಲ್ಲ ನಿದ್ದೆಗೆಟ್ಟವಳು ಮನೆಗೆ ಹೊರಡುವ ಮುನ್ನ ನಿಮ್ಮ ಮುಂದೆ ನಿಂತು ನಿಜ ಹೇಳಿದಳು. ನಿಮ್ಮ ವಾರ್ಡಿನಲ್ಲಿ ಅದಕ್ಕಿಂತ ದೊಡ್ಡ ಕೆಲಸವನ್ನು ಈ ವರ್ಷ ಬೇರೆ ಯಾರಾದರೂ ಮಾಡಿದ್ದಾರೆಯೇ? ಅದಕ್ಕೆ ಅವಳಿಗೆ ಸಿಕ್ಕಿದ್ದು ಕಡತ ಸೇರುವ ಒಂದು ಹಾಳೆ. ಉಳಿದವರೆಲ್ಲ ನೋಡಿದರು, ಪಾಠ ಕಲಿತರು. ನಿಮ್ಮ ಸೋಮವಾರದ ಸಭೆ ಮೌನವಾಗಿರುವುದು ಅವರಿಗೆ ಆಸಕ್ತಿ ಇಲ್ಲದ್ದರಿಂದಲ್ಲ. ಮಾತನಾಡಿದರೆ ಏನಾಗುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ.

ಅಮೆರಿಕದ ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ನಡೆಸಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ಹೊಂದಾಣಿಕೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ನಿರೀಕ್ಷೆಯಾಗಿತ್ತು. ಲೆಕ್ಕ ಬಂದದ್ದು ತಿರುವುಮುರುವಾಗಿ: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ವಾರ್ಡುಗಳಲ್ಲಿ ನರ್ಸ್‌ಗಳು ಅಂಜಿಕೆಯಿಲ್ಲದೆ ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು ಎಂಬುದು ಕೆದಕಿದಾಗ ಹೊರಬಿತ್ತು. ನಿಮ್ಮ ಖಾಲಿ ಪುಸ್ತಕವನ್ನು ಈ ಕಣ್ಣಿನಿಂದ ಒಮ್ಮೆ ನೋಡಿ.

ಇನ್ನೊಂದು ಪ್ರಶ್ನೆ. ಆ ಇನ್ಸುಲಿನ್ ಯಾಕೆ ತಪ್ಪಿತು ಎಂದು ಅವಳನ್ನು ಕೇಳಿದಿರಾ? ಪತ್ರದಲ್ಲಿ ಅದಿಲ್ಲ. ಅನೇಕ ಆಸ್ಪತ್ರೆಗಳಲ್ಲಿ ಪಾಳಿ ಬದಲಾಗುವುದು ರಾತ್ರಿ ಎಂಟಕ್ಕೆ, ರೋಗಿಗಳ ಊಟದ ಹೊತ್ತೂ ಅದೇ. ಹೋಗುವವಳು ‘ಬರುವವಳು ಕೊಡುತ್ತಾಳೆ’ ಎಂದುಕೊಳ್ಳುತ್ತಾಳೆ, ಬರುವವಳು ‘ಕೊಟ್ಟೇ ಹೋಗಿರುತ್ತಾಳೆ’ ಎಂದುಕೊಳ್ಳುತ್ತಾಳೆ. ಕೌಂಟರಿನ ಹತ್ತಿರ ನಿಂತು ಗಡಿಬಿಡಿಯಲ್ಲಿ ಓವರ್ (ಮುಂದಿನ ಪಾಳಿಯವಳಿಗೆ ರೋಗಿಗಳ ವಿವರ ಒಪ್ಪಿಸುವುದು) ಕೊಟ್ಟು ಒಬ್ಬಳು ಬಸ್ಸಿಗೆ ಓಡುತ್ತಾಳೆ, ಇನ್ನೊಬ್ಬಳನ್ನು ಮೂರು ಕಡೆಯಿಂದ ಕರೆಯುತ್ತಿರುತ್ತಾರೆ. ನಿಮ್ಮಲ್ಲೂ ಹೀಗೇ ಆಗಿದ್ದರೆ, ಇವತ್ತು ಅವಳು ಬಿಟ್ಟದ್ದನ್ನು ನಾಳೆ ಬೇರೊಬ್ಬಳು ಬಿಡುತ್ತಾಳೆ. ಎಷ್ಟು ಮೆಮೊ ಕೊಟ್ಟರೂ ಅಷ್ಟೇ. ಓವರ್ ಅನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿ, ಕೇಸ್ ಶೀಟ್ ತೆರೆದಿಟ್ಟುಕೊಂಡು ಕೊಡುವುದನ್ನು ರೂಢಿಗೆ ತನ್ನಿ. ಊಟದ ಮುಂಚಿನ ಇನ್ಸುಲಿನ್ ಯಾರ ಜವಾಬ್ದಾರಿ ಎಂಬುದನ್ನು ಬರೆದು ನಿಗದಿ ಮಾಡಿ.

ಹಾಗಾದರೆ ಎಲ್ಲ ತಪ್ಪಿಗೂ ಕ್ಷಮೆಯೇ ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ಕೊಡದ ಔಷಧಿಗೆ ಕೊಟ್ಟಂತೆ ಸಹಿ ಹಾಕುವವರ ಮೇಲೆ, ಗೊತ್ತಿದ್ದೂ ರೋಗಿಯನ್ನು ಕಡೆಗಣಿಸುವವರ ಮೇಲೆ ಕ್ರಮ ಆಗಲೇಬೇಕು. ಮರೆತು, ಅದನ್ನು ತಾನೇ ಬಂದು ಹೇಳಿದವಳನ್ನು ಆ ಸಾಲಿನಲ್ಲಿ ನಿಲ್ಲಿಸಬೇಡಿ.

‘ಮೊದಲು ನೀವು ಬೆಳೆಯಿರಿ’ ಎಂಬ ತರಬೇತಿಯ ಮಾತು ಸುಳ್ಳೇನಲ್ಲ. ಅದನ್ನು ನಿಮ್ಮ ವಾರ್ಡಿಗೆ ಇಳಿಸಿದರೆ ಆಗುವ ಅರ್ಥ ಇಷ್ಟು: ಕೆಟ್ಟ ಸುದ್ದಿ ತಂದವರ ಮುಂದೆ ನಿಮ್ಮ ಮುಖ ಹೇಗಿರುತ್ತದೆ, ನಿಮ್ಮ ಮೊದಲ ಮಾತು ಏನು. ‘ಯಾರು ಮಾಡಿದ್ದು?’ ಎಂದು ನಾಲಿಗೆ ತುದಿಗೆ ಬಂದಾಗ ತಡೆದು, ‘ರೋಗಿ ಹೇಗಿದ್ದಾರೆ?’ ಎಂದು ಕೇಳುವುದು. ಕೇಳಲು ಸುಲಭ, ರೂಢಿಯಾಗಲು ತಿಂಗಳುಗಳೇ ಬೇಕು. ವರ್ಷಗಟ್ಟಲೆ ಬೈಸಿಕೊಂಡೇ ಕೆಲಸ ಕಲಿತವರಿಗೆ ಇನ್ನೂ ಕಷ್ಟ.

ಸೋಮವಾರದ ಸಭೆ ನಿಲ್ಲಿಸಿ. ರಾತ್ರಿ ಪಾಳಿ ಮುಗಿಸಿ ಶ್ರೀರಂಗಪಟ್ಟಣಕ್ಕೋ ಪಾಂಡವಪುರಕ್ಕೋ ರೈಲು ಹಿಡಿಯಬೇಕಾದವರನ್ನು ಕೂರಿಸಿಕೊಂಡು ಒಗ್ಗಟ್ಟಿನ ಮಾತಾಡಿದರೆ ಅವರಿಗೆ ಕಾಣುವುದು ಗಡಿಯಾರ ಮಾತ್ರ. ಅದರ ಬದಲು ದಿನವೂ ಬೆಳಿಗ್ಗೆ ಓವರ್ ಹೊತ್ತಿನಲ್ಲೇ ಐದು ನಿಮಿಷ, ನಿನ್ನೆ ಏನು ತಪ್ಪುವುದರಲ್ಲಿತ್ತು ಎಂದು ಕೇಳಿ. ಮೊದಲ ಕೆಲವು ದಿನ ನಿಮ್ಮದೇ ತಪ್ಪನ್ನು ಹೇಳಿ. ಆಯಾ, ವಾರ್ಡ್ ಬಾಯ್ ಕೂಡ ಅಲ್ಲಿರಲಿ. ಸಕ್ಕರೆ ಕಾಯಿಲೆಯ ಅಜ್ಜ ಎರಡು ತುತ್ತು ತಿಂದು ತಟ್ಟೆ ಸರಿಸಿದ್ದು ಮೊದಲು ಗೊತ್ತಾಗುವುದು ತಟ್ಟೆ ಎತ್ತುವ ಆಯಾಗೆ. ಇನ್ಸುಲಿನ್ ಪಡೆದವರು ಊಟ ಬಿಟ್ಟರೆ ಸಕ್ಕರೆ ಅಂಶ ಕುಸಿದು ಜೀವಕ್ಕೇ ಕುತ್ತು ಬರಬಹುದು ಎಂಬುದು ನಿಮಗೆ ಗೊತ್ತು, ಆಕೆಗೆ ಯಾರಾದರೂ ಹೇಳಿದ್ದಾರೆಯೇ? ಹೇಳಿ ನೋಡಿ, ಮರುದಿನದಿಂದ ಆಕೆ ತಟ್ಟೆ ನೋಡುವ ರೀತಿಯೇ ಬೇರೆಯಾಗುತ್ತದೆ. ಎಲ್ಲರಿಗೂ ಒಂದೇ ಗುರಿ ಇರಬೇಕು ಎನ್ನುತ್ತಾರಲ್ಲ, ಆ ಗುರಿ ಈ ಅಜ್ಜ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಶಸ್ತ್ರಚಿಕಿತ್ಸೆಯ ತಪಾಸಣಾ ಪಟ್ಟಿಯಲ್ಲೂ, ಕೊಯ್ಯುವ ಮುನ್ನ ತಂಡದ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು ಎಂದಿದೆ. ಒಮ್ಮೆ ದನಿ ಎತ್ತಿದವರು ಅಪಾಯ ಕಂಡಾಗಲೂ ದನಿ ಎತ್ತುತ್ತಾರೆ.

ಹಿರಿಯ ಸಿಸ್ಟರ್ ಮೇಲೆ ಬೇಸರ ಬೇಡ. ‘ಎಷ್ಟೋ ನೋಡಿದ್ದೇವೆ’ ಎಂದವರು ನಿಜವಾಗಿಯೂ ನೋಡಿರುತ್ತಾರೆ. ಒಬ್ಬರೇ ಇದ್ದಾಗ ಹತ್ತಿರ ಕುಳಿತು, ಹಿಂದಿನವು ಯಾಕೆ ಬಿದ್ದುಹೋದವು ಎಂದು ಕೇಳಿ. ಹೊಸ ಹುಡುಗಿಯರನ್ನು ತಿದ್ದುವ ಕೆಲಸ ಅವರಿಗೇ ವಹಿಸಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ರಾತ್ರಿ ವಾರ್ಡಿಗೆ ಬೇಕಾದಷ್ಟು ಜನರನ್ನು ಕೊಡದೆ ‘ನೀವು ಬೆಳೆಯಿರಿ’ ಎನ್ನುವ ಆಡಳಿತದ ಮಾತನ್ನು ಒಪ್ಪಬೇಡಿ. ಎಷ್ಟು ಹಾಸಿಗೆಗೆ ಎಷ್ಟು ನರ್ಸ್ ಇದ್ದಾರೆ ಎಂಬುದನ್ನು ದಿನಾಂಕ ಸಹಿತ ಬರೆದು ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಕೊಡಿ, ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಅದೇ ಭೇಟಿಯಲ್ಲಿ ಆ ಹುಡುಗಿಯ ಮೆಮೊ ಹಿಂತೆಗೆದುಕೊಳ್ಳಲು, ಅದು ಅವಳ ಸಂಬಳ ಬಡ್ತಿಗೆ ಅಡ್ಡ ಬರದಂತೆ ಮಾಡಲು ಕೇಳಿ. ಅವಳೊಂದಿಗೆ ಮಾತ್ರ ಅದಕ್ಕೂ ಮುಂಚೆಯೇ ಮಾತಾಡಿ. ‘ನೀನು ಹೇಳಿದ್ದು ಸರಿ, ನಾನು ಮಾಡಿದ್ದು ಸರಿಯಲ್ಲ’ ಎಂದರೆ ಸಾಕು, ಹೆಚ್ಚು ವಿವರಣೆ ಬೇಡ.

ಮಂಡ್ಯಕ್ಕೆ ಹೋಗುವುದರಲ್ಲಿ ತಪ್ಪಿಲ್ಲ. ದಿನವೂ ಓಡಾಡುವ ಆಯಾಸ ತಪ್ಪುತ್ತದೆ, ಮಕ್ಕಳಿದ್ದರೆ ಅವರಿಗೂ ನೀವು ಸಿಗುತ್ತೀರಿ. ಆ ಕಾರಣಕ್ಕೆ ಹೋಗುವುದಾದರೆ ನೆಮ್ಮದಿಯಾಗಿ ಹೋಗಿ. ಈ ಮೌನಕ್ಕೆ ಹೆದರಿ ಹೋಗಬೇಡಿ. ನರ್ಸಿಂಗ್ ಹೋಂನವರ ಹತ್ತಿರ ಸ್ವಲ್ಪ ಸಮಯ ಕೇಳಿ, ಮೆಮೊ ಬಗ್ಗೆ ಸೂಪರಿಂಟೆಂಡೆಂಟ್ ಏನು ಹೇಳುತ್ತಾರೆ ಎಂಬುದನ್ನು ನೋಡಿಕೊಂಡು ಯಜಮಾನರ ಜೊತೆ ಕುಳಿತು ತೀರ್ಮಾನ ಮಾಡಿ.