ಮಾಡಿದವರೊಬ್ಬರು, ಉಣ್ಣುವವರೊಬ್ಬರು

ಪ್ರಿಯ ಓದುಗರೇ,

ಸೋಮವಾರಪೇಟೆ ಕಡೆಯಿಂದ ನೀವು ಬರೆದ ಪತ್ರ ಓದಿದೆ. ನೀವು ಕಾಫಿ ತೋಟದವರು. ‘ಮನುಷ್ಯನ ಕಷ್ಟಕ್ಕೆಲ್ಲ ಅವನ ದಡ್ಡತನವೇ ಮೂಲ. ಗುಡ್ಡದ ಬುಡದಲ್ಲಿ ಮನೆ ಕಟ್ಟಿದವರಿಗಾಗಿ ನಾವೇಕೆ ಅಳಬೇಕು? ಮಾಡಿದ್ದುಣ್ಣೋ ಮಹರಾಯ, ಅಲ್ವಾ?’ ಅಂತ ಕೇಳಿದ್ದೀರಿ. ದಡ್ಡತನಕ್ಕೆ ಮದ್ದಿದೆಯಾ ಅಂತಲೂ ಕೇಳಿದ್ದೀರಿ.

ಮೊದಲ ಮಾತನ್ನು ಅರ್ಧ ಒಪ್ಪುತ್ತೇನೆ. ಗಾದೆಯನ್ನು ಮಾತ್ರ ಒಪ್ಪಲಾರೆ.

2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜಾರಿದ್ದು ನಿಮಗೂ ನೆನಪಿರುತ್ತದೆ. ಮಳೆ ವಿಪರೀತವಾಗಿತ್ತು, ನಿಜ. ಆದರೆ ಆಮೇಲೆ ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು, ಮನೆಗೆ, ರಸ್ತೆಗೆ ಅಂತ ಇಳಿಜಾರು ಕಡಿದದ್ದೂ ಕಾರಣ ಅಂದರು.

ನಮ್ಮ ಗುಡ್ಡಗಳಲ್ಲಿ ಬಂಡೆಯ ಮೇಲೆ ದಪ್ಪನೆ ಮಣ್ಣಿದೆ. ಜೆಸಿಬಿ ತಂದು ಗುಡ್ಡದ ಪಾದ ಕತ್ತರಿಸಿ, ಗೋಡೆ ಹಾಗೆ ನೆಟ್ಟಗೆ ಬರೆ, ಅಂದರೆ ಕಡಿದ ಮಣ್ಣಿನ ಮೈ, ನಿಲ್ಲಿಸುತ್ತೇವೆ. ಮೇಲಿನ ನೀರಿಗೆ ಚರಂಡಿ ಮಾಡುವುದಿಲ್ಲ. ಮೊದಲ ಮಳೆಗಾಲಕ್ಕೆ ಬರೆ ನಿಲ್ಲುತ್ತದೆ. ಎರಡನೆಯದಕ್ಕೂ ನಿಲ್ಲಬಹುದು. ‘ಹೋದ ವರ್ಷ ಏನೂ ಆಗಲಿಲ್ಲವಲ್ಲ’ ಅನ್ನುವ ಮಾತು ಆಗ ಹುಟ್ಟುತ್ತದೆ. ನನ್ನ ಮಟ್ಟಿಗೆ ದಡ್ಡತನ ಅಂದರೆ ಇದೇ. ಓದಿಗೂ ಇದಕ್ಕೂ ಸಂಬಂಧವಿಲ್ಲ. ಚೆನ್ನಾಗಿ ಓದಿದವರ ಬಾಯಲ್ಲೇ ಈ ಮಾತು ಜಾಸ್ತಿ. ಆಮೇಲೆ ಒಂದು ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಮಳೆ ಬಿಡದೆ ಹೊಯ್ಯುತ್ತದೆ. ಮಣ್ಣು ನೀರು ಕುಡಿದು ಭಾರವಾಗುತ್ತದೆ, ಹಿಡಿತ ಸಡಿಲುತ್ತದೆ. ಕೆಳಗೆ ತಡೆಯಲು ಪಾದವೇ ಇಲ್ಲ.

ಜಾರಿದ ಮಣ್ಣು ಯಾರ ಮೇಲೆ ಬೀಳುತ್ತದೆ? ಹೋಂಸ್ಟೇಗೆ ಬರೆ ಕಡಿಸಿದವರು ಆ ರಾತ್ರಿ ಮೈಸೂರಲ್ಲೋ ಬೆಂಗಳೂರಲ್ಲೋ ಇರಬಹುದು. ಕೆಳಗಿನ ಲೈನ್ ಮನೆಯಲ್ಲಿ ತೋಟದ ಕೆಲಸದವರು ಮಕ್ಕಳನ್ನು ಮಲಗಿಸಿಕೊಂಡಿರುತ್ತಾರೆ. ಆ ಜಾಗ ಅವರು ಆರಿಸಿಕೊಂಡದ್ದಲ್ಲ. ಸ್ವಂತ ಮನೆ ಕಟ್ಟಿಕೊಂಡ ಬಡವರದ್ದೂ ಅದೇ ಕಥೆ. ಸಮತಟ್ಟು ನೆಲವೆಲ್ಲ ಗದ್ದೆಗೆ, ತೋಟಕ್ಕೆ ಹೋಗಿದೆ. ಕೈಯಲ್ಲಿ ಕಾಸಿಲ್ಲದವರಿಗೆ ಉಳಿದದ್ದು ಇಳಿಜಾರು. ಬೇರೆ ದಾರಿಯಿಲ್ಲದವರನ್ನು ದಡ್ಡರು ಅಂದರೆ ಅನ್ಯಾಯ. ಅವರಿಗಾಗಿ ಅಳಬೇಕು, ಖಂಡಿತ ಅಳಬೇಕು.

ಇನ್ನು ಮದ್ದು. ಬರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ನೆತ್ತಿಯಲ್ಲಿ ಚರಂಡಿ ತೆಗೆದು ನೀರನ್ನು ಪಕ್ಕದ ತೋಡಿಗೆ ತಿರುಗಿಸಬೇಕು. ಬೋಳು ಮಣ್ಣಿನಲ್ಲಿ ಲಾವಂಚ ನೆಡಬೇಕು. ಇದನ್ನು ಕಡಿಸುವವನೊಬ್ಬನ ಬುದ್ಧಿಗೆ ಬಿಟ್ಟರೆ ಆಗದು. ಕೆಳಗಿನ ಮನೆಯವರನ್ನು ಕೇಳದೆ ಬರೆ ಕಡಿಯಲು ಪಂಚಾಯಿತಿ ಬಿಡಲೇಬಾರದು ಅನ್ನುವುದು ನನ್ನ ಗಟ್ಟಿ ನಿಲುವು.

ನಿಮ್ಮಲ್ಲಿ ಒಂದು ಕೋರಿಕೆಯೂ ಇದೆ. ಅಂಗಳದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಸರಾದ ಒರತೆ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬಾರದು. ನಿಮ್ಮ ತೋಟದ ಲೈನ್ ಮನೆಯವರಿಗೆ ಇದನ್ನು ಈ ವಾರವೇ ಹೇಳಿ. ರಾತ್ರಿ ಎದ್ದು ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಜೊತೆಗೆ ನಡೆದು ತೋರಿಸಿ.

– ಸಂಪಾದಕ